ಆಹಾರಕ್ಕೆ ಮೊದಲು ಅಂಗಜ್ಞಾನ

ಪಥ್ಯಾಹಾರಶಾಸ್ತ್ರದ ವಿದ್ಯಾರ್ಥಿಗಳಿಗೆ ದೇಹರಚನೆಯ ಪಾಠವೇಕೆ ಎಂದು ಕೆಲವರು ಕೇಳುವುದುಂಟು. ಸಣ್ಣ ಕರುಳನ್ನೇ ನೋಡೋಣ. ಸುಮಾರು 6 ಮೀಟರ್ ಉದ್ದದ ಈ ಅಂಗದ ಎಲ್ಲ ಭಾಗಗಳ ಕಾರ್ಯವೂ ಒಂದೇ ಅಲ್ಲ. ಅದರ ಆರಂಭದ ಭಾಗವು ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರಿಕೊಂಡರೆ, ಕೊನೆಯ ಭಾಗವು ಬಿ12 ಜೀವಸತ್ವವನ್ನು ಹೀರಿಕೊಳ್ಳುತ್ತದೆ. ಸಸ್ಯಾಹಾರಿಗಳಾದ ನಮಗೆ ಈ ಜೀವಸತ್ವವು ಮುಖ್ಯವಾಗಿ ಹಾಲು, ಮೊಸರುಗಳಿಂದ ದೊರೆಯುತ್ತದೆ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಆ ಕೊನೆಯ ಭಾಗವನ್ನು ತೆಗೆದಿದ್ದರೆ, ಎಷ್ಟು ಹಾಲು ಕುಡಿದರೂ ಅದು ಸಾಕಷ್ಟು ರಕ್ತಕ್ಕೆ ಸೇರದು. ಕೊರತೆ ಮುಂದುವರಿದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಚುಚ್ಚುಮದ್ದು ನೀಡುತ್ತಾರೆ. ಕರುಳಿನ ರಚನೆಯನ್ನರಿಯದವರು ಹಾಲು ಹೆಚ್ಚಿಸಿರೆಂದಷ್ಟೇ ಹೇಳಿಯಾರು. ಆದುದರಿಂದ ಆಹಾರದ ಸಲಹೆ ಪಡೆಯುವಾಗ ನಮಗೆ ಹಿಂದೆ ಆದ ಶಸ್ತ್ರಚಿಕಿತ್ಸೆಗಳನ್ನು ತಪ್ಪದೆ ತಿಳಿಸೋಣ.