ಜಕ್ಕೂರಿನ ಪೈಲಟ್, ಮದ್ರಾಸಿನ ಬೀದಿನಾಯಿ

1951ರಲ್ಲಿ ಮದ್ರಾಸ್ ಸರ್ಕಾರ ಒಂದು ಪುಟ್ಟ ವಿಮಾನ ಕೊಂಡಿತು. ಡಿ ಹ್ಯಾವಿಲೆಂಡ್ ಕಂಪನಿಯ ಡವ್, ಎರಡು ಎಂಜಿನ್ನಿನದು. ಅದನ್ನು ಇಂಗ್ಲೆಂಡಿನಿಂದ ತರಲು ಹೋದವರು ಗಂಡ ಹೆಂಡತಿ. ಲಂಡನ್ನಿನಲ್ಲಿ ಹತ್ತಿ ಮುಂಬಯಿಯಲ್ಲಿ ಇಳಿಯುವಾಗ 27 ಗಂಟೆ ಕಳೆದಿತ್ತು. ಪಿಸ್ಟನ್ ಎಂಜಿನ್ ವಿಮಾನಕ್ಕೆ ಆ ದಾರಿಯಲ್ಲಿ ಅದು ದಾಖಲೆ. ಗಂಡ ಕ್ಯಾಪ್ಟನ್ ವಿ. ಸುಂದರಂ. ಹೆಂಡತಿ ಉಷಾ ಸುಂದರಂ ಪ್ರಯಾಣಿಕರ ಸೀಟಿನಲ್ಲಿ ಕೂತವರಲ್ಲ, ಸಹಪೈಲಟ್ ಆಗಿ ವಿಮಾನ ನಡೆಸಿದವರು.

ಇದೇ ದಂಪತಿ ಎಂಟು ವರ್ಷದ ನಂತರ ಮದ್ರಾಸಿನ ಟಿ. ನಗರದ ತಮ್ಮ ಮನೆಯಲ್ಲಿ ಬೀದಿನಾಯಿಗಳ ಆರೈಕೆಗೆ ನಿಂತರು. ಇವತ್ತು ಚೆನ್ನೈನ ವೇಳಚೇರಿ ರಸ್ತೆಯಲ್ಲಿರುವ ‘ಬ್ಲೂ ಕ್ರಾಸ್ ಆಫ್ ಇಂಡಿಯಾ’ ಹುಟ್ಟಿದ್ದು ಹೀಗೆ. ದೇಶದ ಹೆಸರಾಂತ ಪ್ರಾಣಿ ದಯಾ ಸಂಸ್ಥೆಗಳಲ್ಲಿ ಒಂದಾದ ಅದರ ಪದಾಧಿಕಾರಿಗಳು ಸಂಬಳವಿಲ್ಲದೆ ಗೌರವ ಸೇವೆ ಮಾಡುವವರು. ಆದರೆ ಸಂಸ್ಥೆಯ ಕತೆಗಿಂತ ಮೊದಲು ಉಷಾ ಅವರ ಕತೆ ಹೇಳಲೇಬೇಕು. ಅದರ ಒಂದು ತುದಿ ನಮ್ಮ ಬಳ್ಳಾರಿ ರಸ್ತೆಯ ಜಕ್ಕೂರಿನಲ್ಲಿದೆ.

ಕ್ಯಾಪ್ಟನ್ ಸುಂದರಂ ಮೈಸೂರು ಮಹಾರಾಜರ ಡಕೋಟಾ ವಿಮಾನದ ಪೈಲಟ್ ಆಗಿದ್ದರು. ಮಹಾರಾಜರೆಂದರೆ ಜಯಚಾಮರಾಜ ಒಡೆಯರ್. ಮುಂದೆ 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ಅರಸನಿಗೂ ಪೈಲಟ್ಟಿಗೂ ಪ್ರಾಣಿಗಳ ನಂಟು ಬೇರೆ ಬೇರೆ ದಾರಿಯಲ್ಲಿ ಬಂದಿತೆನ್ನಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಂಸ್ಥಾನಗಳನ್ನು ಒಗ್ಗೂಡಿಸಲು ಸರ್ದಾರ್ ಪಟೇಲರು ಊರೂರು ಸುತ್ತುತ್ತಿದ್ದಾಗ ಅವರನ್ನು ಹೊತ್ತು ಹಾರಿದ ವಿಮಾನಗಳಲ್ಲಿ ಈ ಡಕೋಟಾ ಕೂಡ ಒಂದು. ಗಂಡನ ಪಕ್ಕದ ಸೀಟಿನಲ್ಲಿ ಉಷಾ. ನೆಹರೂ, ರಾಜೇಂದ್ರ ಪ್ರಸಾದ್ ಅವರೂ ಈ ದಂಪತಿ ನಡೆಸಿದ ವಿಮಾನದಲ್ಲಿ ಕೂತವರೇ.

ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದಾಗ ಅದರ ಹೊಣೆ ಸುಂದರಂ ಅವರ ಮೇಲೆ ಬಿತ್ತು. ಅಲ್ಲಿ ಕಲಿತು 1949ರಲ್ಲಿ ತೇರ್ಗಡೆಯಾಗಿ ಹೊರಬಂದವರಲ್ಲಿ ಮೊದಲಿಗರು ಉಷಾ. ಹುಟ್ಟಿದ್ದು 1924ರಲ್ಲಿ, ಅಂದರೆ ಆಗ 25ರ ಪ್ರಾಯ, ಮನೆ ಮಕ್ಕಳ ಜವಾಬ್ದಾರಿ ಬೇರೆ. ಹೆಣ್ಣುಮಕ್ಕಳು ಸೈಕಲ್ ತುಳಿದರೆ ಬೀದಿಯೇ ತಿರುಗಿ ನೋಡುತ್ತಿದ್ದ ಕಾಲ. ಈ ಹೆಂಗಸು ಜಕ್ಕೂರಿನಲ್ಲಿ ವಿಮಾನ ಇಳಿಸುತ್ತಿದ್ದರು. ಆದರೂ ಬೆಂಗಳೂರಿನಲ್ಲಿ ಈ ಹೆಸರು ಬಲ್ಲವರು ಕಡಿಮೆ.

ವಿಮಾನ ನಡೆಸುವ ಕೆಲಸದ ಶಿಸ್ತೇ ಬೇರೆ. ಹಾರುವ ಮೊದಲು ಪಟ್ಟಿ ಹಿಡಿದು ಒಂದೊಂದೇ ಗುಂಡಿ, ಮುಳ್ಳು, ಇಂಧನದ ಮಟ್ಟ ನೋಡಬೇಕು. ನಿನ್ನೆ ಸರಿಯಿತ್ತು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಇಳಿದ ಮೇಲೆ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಕನಿಕರ ಎಲ್ಲರಿಗೂ ಇರುತ್ತದೆ. ಕನಿಕರಕ್ಕೆ ಪಟ್ಟಿ, ಲೆಕ್ಕ, ವೇಳಾಪಟ್ಟಿ ಕೂಡಿಸುವವರು ವಿರಳ. ಬ್ಲೂ ಕ್ರಾಸ್ ಉಳಿದು ಬಂದದ್ದರ ಗುಟ್ಟು ಇಲ್ಲಿಯೇ ಇದ್ದೀತು.

ಶುರುವಾದ ಬಗೆ ಸರಳ. 1959ರ ಮಳೆಗಾಲ. ಟಿ. ನಗರದ ರಸ್ತೆಯಲ್ಲಿ ನೀರು ನಿಂತು ಎರಡು ನಾಯಿಮರಿಗಳು ಮುಳುಗುತ್ತಿದ್ದವು. ಕ್ಯಾಪ್ಟನ್ ಅವನ್ನು ಎತ್ತಿಕೊಂಡು ಮನೆಗೆ ತಂದರು. ಆಮೇಲೆ ಇನ್ನೊಂದು, ಮತ್ತೊಂದು. ಮನೆಯವರೆಲ್ಲ ಕೈಹಾಕಿದರು, ಅಕ್ಕಪಕ್ಕದವರೂ ಸೇರಿದರು. 1964ರಲ್ಲಿ ಸೊಸೈಟಿಯಾಗಿ ನೋಂದಣಿಯಾಯಿತು. ಸಂಸ್ಥೆ ತನ್ನ ಹುಟ್ಟಿನ ಬಗ್ಗೆ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇಷ್ಟೇ.

ಅದೇ 1964ರಲ್ಲಿ ದಂಪತಿಯ ಮಗ ಚಿನ್ನಿ ಕೃಷ್ಣ ಮದ್ರಾಸ್ ಪಾಲಿಕೆಯಿಂದ ಒಂದು ಮಾಹಿತಿ ಕೇಳಿ ಪಡೆದರು: ನಾಯಿ ಹಿಡಿಯುವ ವಿಭಾಗ ವರ್ಷಕ್ಕೆ ಎಷ್ಟು ನಾಯಿ ಕೊಲ್ಲುತ್ತದೆ? ಅವರು ವೃತ್ತಿಯಲ್ಲಿ ಎಂಜಿನಿಯರ್, ಮುಂದೆ ಸ್ವಂತ ಉದ್ಯಮ ನಡೆಸಿದವರು. ಪ್ರಾಣಿಗಳ ಕೆಲಸ ಅವರಿಗೆ ಕಾರ್ಖಾನೆಯ ಆಚೆಗಿನ ವೇಳೆಯದು. ಪಾಲಿಕೆ ಕೊಟ್ಟ ಅಂಕಿ ನೋಡಿದಾಗ ಅವರಿಗೆ ಕಂಡದ್ದು ಕ್ರೌರ್ಯ ಮಾತ್ರವಲ್ಲ, ದಡ್ಡತನವೂ ಹೌದು. 1860ರ ದಶಕದಿಂದ ಕೊಲ್ಲುತ್ತಲೇ ಬಂದಿದ್ದಾರೆ, ಆದರೆ ವರ್ಷದಿಂದ ವರ್ಷಕ್ಕೆ ಕೊಲ್ಲಬೇಕಾದ ನಾಯಿಗಳೂ ಹೆಚ್ಚುತ್ತಲೇ ಇವೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕೊನೆಕೊನೆಗೆ, 1995ರ ಹೊತ್ತಿಗೆ, ದಿನಕ್ಕೆ 135 ನಾಯಿಗಳವರೆಗೆ ಕೊಲ್ಲುತ್ತಿದ್ದರು ಎಂದು ಅವರೇ ಬರೆದಿದ್ದಾರೆ. ವರ್ಷಕ್ಕೆ ಗುಣಿಸಿದರೆ ಐವತ್ತು ಸಾವಿರದ ಹತ್ತಿರ. ವಿದ್ಯುತ್ ಹಾಯಿಸಿ ಕೊಲ್ಲುವುದು ಕ್ರಮ. ನಾಯಿಯ ಚರ್ಮದಿಂದ ಟೈ, ಪರ್ಸು ಮಾಡಬಹುದೇ ಎಂದು ಚರ್ಮ ಸಂಶೋಧಕರು ಪ್ರಯೋಗ ಮಾಡಿ ನೋಡುವಷ್ಟು ಶವಗಳು ಸಿಗುತ್ತಿದ್ದವು ಎಂಬುದನ್ನೂ ಅವರು ದಾಖಲಿಸಿದ್ದಾರೆ.

ಬದಲಿ ದಾರಿಯೂ ಅವರ ಬಳಿ ಇತ್ತು: ಹಿಡಿಯಿರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ನಾಯಿ ತನ್ನ ಬೀದಿಗೆ ಹೊರಗಿನ ನಾಯಿಯನ್ನು ಬಿಟ್ಟುಕೊಳ್ಳುವುದಿಲ್ಲ. ಅದನ್ನು ಕೊಂದರೆ ಜಾಗ ಖಾಲಿಯಾಗಿ ಬೇರೆ ನಾಯಿ ಬರುತ್ತದೆ, ಅದು ಮರಿ ಹಾಕುತ್ತದೆ. ವಾದ ಇಷ್ಟೇ. ಪಾಲಿಕೆ ಒಪ್ಪಲಿಲ್ಲ. ಬ್ಲೂ ಕ್ರಾಸ್ ತನ್ನ ಕೈಲಾದಷ್ಟು ನಾಯಿಗಳಿಗೆ ತಾನೇ ಆಪರೇಷನ್ ಮಾಡಿಸುತ್ತ, ಆಯುಕ್ತರು ಬದಲಾದಾಗಲೆಲ್ಲ ಅದೇ ಅರ್ಜಿ ಹಿಡಿದುಕೊಂಡು ಹೋಗುತ್ತ ಕಾಲ ಕಳೆಯಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಕೊಲ್ಲುವುದರಿಂದ ಪ್ರಯೋಜನವಿಲ್ಲ ಎಂದಾಗ ವಾದಕ್ಕೆ ಬಲ ಬಂತು. 1995ರಲ್ಲಿ ದಕ್ಷಿಣ ಮದ್ರಾಸಿನಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು, 1996ರಲ್ಲಿ ಇಡೀ ನಗರಕ್ಕೆ. ಅರ್ಜಿ ಕೊಟ್ಟು 32 ವರ್ಷ! ಸಂಬಳದ ನೌಕರನೊಬ್ಬ ಇಷ್ಟರಲ್ಲಿ ಸೇವೆ ಮುಗಿಸಿ ಪಿಂಚಣಿ ಪಡೆಯುತ್ತಿದ್ದ. 2001ರಲ್ಲಿ ಕೇಂದ್ರ ಸರ್ಕಾರ ಇದನ್ನೇ ದೇಶಕ್ಕೆಲ್ಲ ನಿಯಮವಾಗಿ ಹೊರಡಿಸಿತು. 2023ರಲ್ಲಿ ಹೊಸ ನಿಯಮಗಳು ಬಂದರೂ ಒಳಗಿನ ಲೆಕ್ಕಾಚಾರ ಅದೇ.

ಕೆಲಸ ನಡೆಯುವ ರೀತಿ ನೋಡಿದರೆ ಇಲ್ಲಿಯೂ ಲಾಗ್ ಪುಸ್ತಕ ಕಾಣುತ್ತದೆ. ಬಲೆ ಹಾಕಿ ಹಿಡಿದ ನಾಯಿಯ ಕೊರಳಿಗೆ ನಂಬರಿನ ಬಿಲ್ಲೆ. ಯಾವ ಬೀದಿ, ಯಾವ ತಿರುವು, ಗಂಡೋ ಹೆಣ್ಣೋ, ಮೈಬಣ್ಣ, ಹಿಡಿದ ದಿನ ಎಲ್ಲ ರಿಜಿಸ್ಟರಿನಲ್ಲಿ. ಆಪರೇಷನ್ನಿಗೆ ಮೊದಲು ಹೊಟ್ಟೆ ಖಾಲಿ ಇರಬೇಕು. ಅರಿವಳಿಕೆ ಕೊಟ್ಟು, ಕೂದಲು ಬೋಳಿಸಿ, ಹೆಣ್ಣಾದರೆ ಅಂಡಾಶಯ ಗರ್ಭಕೋಶ ತೆಗೆದು ಹೊಲಿಗೆ ಹಾಕುತ್ತಾರೆ. ಅರಿವಳಿಕೆ ಇಳಿಯುವ ಮೊದಲೇ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಮಾಡುತ್ತಾರೆ. ಕಿವಿಯಲ್ಲಿ ಕಚ್ಚು ಇದ್ದರೆ ಈ ನಾಯಿಗೆ ಆಪರೇಷನ್ ಆಗಿದೆ ಎಂದು ದೂರದಿಂದಲೇ ತಿಳಿಯಬೇಕು. ಕೆಲವು ದಿನ ಗೂಡಿನಲ್ಲಿಟ್ಟು, ಗಾಯ ಆರಿದ ಮೇಲೆ, ಬಿಲ್ಲೆಯ ನಂಬರು ನೋಡಿ ಅದೇ ತಿರುವಿನಲ್ಲಿ ಇಳಿಸಬೇಕು. ತಪ್ಪು ಬೀದಿಗೆ ಇಳಿಸಿದರೆ ಅಲ್ಲಿಯ ನಾಯಿಗಳು ಹರಿದು ಹಾಕುತ್ತವೆ. ಹೊಲಿಗೆ ಚೆನ್ನಾಗಿ ಬಿದ್ದಿದ್ದೂ ವ್ಯರ್ಥ.

ಚೆನ್ನೈನಲ್ಲಿ 1996ರಲ್ಲಿ ರೇಬೀಸ್‌ನಿಂದ ಸತ್ತವರು 120, 2007ರಲ್ಲಿ 5. ಇದು ಬ್ಲೂ ಕ್ರಾಸ್ ಕೊಡುವ ಲೆಕ್ಕ. ಕಚ್ಚಿಸಿಕೊಂಡವರಿಗೆ ಲಸಿಕೆ ಸುಲಭವಾಗಿ ಸಿಗತೊಡಗಿದ್ದರ ಪಾಲೂ ಇದರಲ್ಲಿ ಇದ್ದೀತು. ಹಾಗೆಂದು ಎಲ್ಲ ಸುಖಾಂತವಾಗಲಿಲ್ಲ. ಚೆನ್ನೈ ಪಾಲಿಕೆಯ ಗಣತಿಯಲ್ಲಿ 2018ರಲ್ಲಿ 57,000 ಚಿಲ್ಲರೆ ಇದ್ದ ಬೀದಿನಾಯಿಗಳು 2024ರಲ್ಲಿ 1.81 ಲಕ್ಷವಾಗಿದ್ದವು. ಬೆಂಗಳೂರಿನ ಪಾಲಿಕೆಯ ಎಣಿಕೆ ಬೇರೆ ಕತೆ ಹೇಳುತ್ತದೆ: 2019ರಲ್ಲಿ 3.10 ಲಕ್ಷ, 2023ರಲ್ಲಿ 2.79 ಲಕ್ಷ; ನಾಯಿಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವುಗಳಿಗೆ ಆಪರೇಷನ್ ಆಗಿತ್ತು. ಎಣಿಸುವ ವಿಧಾನದಲ್ಲಿ ಕುಂದುಕೊರತೆ ಇರಬಹುದು. ಆದರೂ ಒಂದು ಸಂಗತಿ ಸ್ಪಷ್ಟ: ಈ ಕೆಲಸವನ್ನು ಒಂದೆರಡು ವರ್ಷ ಬಿಟ್ಟರೆ ಹತ್ತು ವರ್ಷದ್ದು ಹೋಗುತ್ತದೆ.

ಬೆಂಗಳೂರು ಅಂದ ಕೂಡಲೆ ಇನ್ನೊಬ್ಬ ಹೆಂಗಸಿನ ಹೆಸರು ಬರಬೇಕು. ಕ್ರಿಸ್ಟಲ್ ರೋಜರ್ಸ್, 1906ರಲ್ಲಿ ಹುಟ್ಟಿದ ಇಂಗ್ಲಿಷ್ ಮಹಿಳೆ. ನ್ಯೂಜಿಲೆಂಡಿಗೆ ಹೊರಟಿದ್ದವರು ದಾರಿಯಲ್ಲಿ ದೆಹಲಿಯಲ್ಲಿ, ರಸ್ತೆ ಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆ ಕಂಡು ಇಲ್ಲೇ ನಿಂತರು. ದೆಹಲಿಯಲ್ಲಿ ಒಂದು ಆಶ್ರಯಧಾಮ, ಆಮೇಲೆ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’, ಕೊನೆಗೆ 1991ರಲ್ಲಿ, 85ರ ವಯಸ್ಸಿನಲ್ಲಿ, ಬೆಂಗಳೂರಿನ ಕೆಲವರನ್ನು ಕಟ್ಟಿಕೊಂಡು ‘ಕ್ಯೂಪಾ’ ಎಂಬ ಪ್ರಾಣಿ ದಯಾ ಸಂಸ್ಥೆ. ಐದು ವರ್ಷದಲ್ಲಿ ಅವರು ತೀರಿಕೊಂಡರು, ಟ್ರಸ್ಟಿಗಳು ಮುಂದುವರಿಸಿದರು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಆಶ್ರಯಧಾಮ ನೆಲೆಯೂರಿತು. ಅಲ್ಲಿಂದ ಜಕ್ಕೂರಿನ ರನ್‌ವೇ ಬಹಳ ದೂರವೇನಿಲ್ಲ. ಕ್ಯೂಪಾ ಕಟ್ಟಿದವರಲ್ಲಿ ಒಬ್ಬರಾದ ಸುಪರ್ಣಾ ಬಕ್ಷಿ ಗಂಗೂಲಿ ಆಮೇಲೆ ವನ್ಯಜೀವಿಗಳಿಗೆ, ಅದರಲ್ಲೂ ಸರಪಳಿಯಲ್ಲಿ ಬಾಳುವ ಆನೆಗಳ ಕಡೆಗೆ ಕೆಲಸ ವಿಸ್ತರಿಸಿ 2016ರಲ್ಲಿ ನಾರಿ ಶಕ್ತಿ ಪುರಸ್ಕಾರ ಪಡೆದರು.

ಇಂಥ ಸಂಸ್ಥೆಯ ಕಮಿಟಿ ಸಭೆಯಲ್ಲಿ ನಾಯಿಯ ಮಾತು ಬರುವುದೇ ಕಡಿಮೆ. ಆಡಿಟರ್ ಕೇಳಿದ ರಸೀದಿ ಎಲ್ಲಿ? ಪಾಲಿಕೆಯಿಂದ ಬರಬೇಕಾದ ಆಪರೇಷನ್ ಹಣ ಎಷ್ಟು ತಿಂಗಳಿಂದ ಬಾಕಿ? ವೈದ್ಯರು ಬಿಟ್ಟು ಹೋದರೆ ಬದಲಿ ಯಾರು? ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾದ ಮೇಲೆ ಆ ಹಣಕ್ಕೆ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲೇ ಖಾತೆ ಇರಬೇಕು, ಆಡಳಿತದ ಖರ್ಚು ನೂರಕ್ಕೆ 20 ಮೀರಬಾರದು, ಅದಕ್ಕೊಂದು ಕಡತ. ನಡುವೆ ಗೇಟಿನ ಬಳಿ ರಾತ್ರೋರಾತ್ರಿ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಇಟ್ಟು ಹೋಗಿರುತ್ತಾರೆ. ಕಮಿಟಿಯಲ್ಲಿ ಕೂತವರು ನಿವೃತ್ತ ಬ್ಯಾಂಕ್ ಅಧಿಕಾರಿ, ಗೃಹಿಣಿ, ವಕೀಲ, ಅಂಗಡಿ ಮಾಲೀಕ. ಬೈಸಿಕೊಳ್ಳುವುದು ಎರಡೂ ಕಡೆಯಿಂದ: ನಾಯಿ ಕಚ್ಚಿಸಿಕೊಂಡವರಿಂದ ‘ನಿಮ್ಮಿಂದಲೇ ಇವು ಬೆಳೆದವು’ ಎಂದು, ನಾಯಿಪ್ರಿಯರಿಂದ ‘ಆಂಬುಲೆನ್ಸ್ ಯಾಕೆ ಬರಲಿಲ್ಲ’ ಎಂದು. ಮಗುವಿಗೆ ನಾಯಿ ಕಚ್ಚಿದ ತಾಯಿಯ ಸಿಟ್ಟು ನ್ಯಾಯದ್ದೇ. ಆ ಸಿಟ್ಟಿಗೆ ಉತ್ತರಿಸಬೇಕಾದ ಕಚೇರಿ ಬಾಗಿಲು ಹಾಕಿಕೊಂಡಾಗ ಅದು ಈ ಕಮಿಟಿಯ ಬಾಗಿಲಿಗೆ ಬರುತ್ತದೆ, ಅಷ್ಟೆ.

ಕಾನೂನಿನ ಬೆಂಬಲವೂ ಗಟ್ಟಿಯಿಲ್ಲ. ನಾಟ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಹಟ ಹಿಡಿದದ್ದರಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅವರೇ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದರು. ಆ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಆಗ ಅದು ದೊಡ್ಡ ಮೊತ್ತವೇ ಇರಬೇಕು; ಈಗ ಆ ದುಡ್ಡಿಗೆ ದರ್ಶಿನಿಯಲ್ಲಿ ಒಂದು ದೋಸೆ ಬಂದರೆ ಹೆಚ್ಚು. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡು 2022ರ ನವೆಂಬರಿನಲ್ಲಿ ಜನರ ಮುಂದೆ ಬಂದಿತ್ತು. ಇತ್ತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಲು ಹೇಳಿ, ಅದೇ ತಿಂಗಳು ಆದೇಶ ಸಡಿಲಿಸಿ, ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡಕೂಡದು ಎಂದಿತು. ಹಿಡಿದ ಜಾಗಕ್ಕೇ ಬಿಡಬೇಕೆಂದು ಆರು ದಶಕ ವಾದಿಸಿದವರು ಈಗ ಬಿಡಬಾರದ ನಾಯಿಗಳಿಗೆ ಗೂಡು ಹುಡುಕಬೇಕು. ಗೂಡಿಗೆ ನೆಲ ಬೇಕು, ಊಟಕ್ಕೆ ಅಕ್ಕಿ ಬೇಕು.

ಉಷಾ ಸುಂದರಂ 2010ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ತಲೆಮಾರಿನವರಿಗೆ ಮನೆಯ ವರಾಂಡವೇ ಕಚೇರಿ. ಸಂಸ್ಥೆಗೂ ಸಂಸಾರಕ್ಕೂ ನಡುವೆ ಗೋಡೆ ಇರಲಿಲ್ಲ. ಈಗ ಗಾಯಗೊಂಡ ನಾಯಿಯ ಫೋಟೊ ಹಾಕಿದರೆ ಸಂಜೆಯೊಳಗೆ ಹತ್ತಾರು ಹುಡುಗ ಹುಡುಗಿಯರು ಬೈಕ್ ಹತ್ತಿ ಬರುತ್ತಾರೆ, ಹಾಲು ಬಿಸ್ಕತ್ತು ತರುತ್ತಾರೆ, ದುಡ್ಡೂ ಕೂಡಿಸುತ್ತಾರೆ. ಅವರ ಪ್ರೀತಿ ಹಳಬರದ್ದಕ್ಕಿಂತ ಕಡಿಮೆಯದಲ್ಲ. ಆದರೆ ಸರ್ವಸದಸ್ಯರ ಸಭೆಯಲ್ಲಿ ‘ಖಜಾಂಚಿ ಯಾರಾಗುತ್ತೀರಿ’ ಎಂದು ಕೇಳಿದರೆ ಎಲ್ಲರೂ ಫೋನ್ ನೋಡತೊಡಗುತ್ತಾರೆ. ಪ್ರತಿ ಜಿಲ್ಲೆಗೂ ಒಂದು ಪ್ರಾಣಿ ದಯಾ ಸಂಘ ಇರಬೇಕೆಂದು 2001ರಲ್ಲೇ ನಿಯಮವಾಗಿದೆ. ಬೆಂಗಳೂರು, ಮೈಸೂರು, ಮಂಗಳೂರು ದಾಟಿ ಒಳನಾಡಿಗೆ ಹೋದರೆ, ತಿಂಗಳಿಗೊಮ್ಮೆ ಕೂತು ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಐದು ಜನ ಒಂದು ಊರಿನಲ್ಲಿ ಸಿಕ್ಕರೂ ಸಾಕು, ಅಲ್ಲಿ ಸಂಘ ಶುರುವಾಗುತ್ತದೆ.