ಪೂರ್ವಜರ ಜಾಡಿನಲ್ಲಿ: ಮರಣಶಾಸನ, ವೀರಗಲ್ಲು ಮತ್ತು ಬರೆಯದ ಹೆಸರುಗಳು

ಹಬ್ಬಹರಿದಿನಗಳಲ್ಲಿ ನೆಂಟರಿಷ್ಟರು ಒಂದೆಡೆ ಕೂಡಿದಾಗ ಹಿರಿಯರು ಮನೆತನದ ಹಿರಿಮೆಯನ್ನು ಹೇಳುವುದುಂಟು. “ನಮ್ಮ ಮುತ್ತಜ್ಜನ ಮುತ್ತಜ್ಜ ದೇವನಹಳ್ಳಿಯ ಕೋಟೆಯಲ್ಲಿ ಕತ್ತಿ ಹಿಡಿದವನು, ಅವನ ಕಾಲಕ್ಕೆ ಮನೆಯಲ್ಲಿ ಹತ್ತು ಜೋಡಿ ಎತ್ತು, ಇಪ್ಪತ್ತು ಆಳು” ಎಂಬಂತಹ ಮಾತನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಕತ್ತಿ ಹಿಡಿದವನ ಹೆಸರು ಹೇಳುವವರಿಗೆ ಆ ಇಪ್ಪತ್ತು ಆಳುಗಳಲ್ಲಿ ಒಬ್ಬನ ಹೆಸರೂ ನೆನಪಿರುವುದಿಲ್ಲ. ಇಂತಹ ಮಾತು ಎಷ್ಟರಮಟ್ಟಿಗೆ ನಿಜ? ಅದನ್ನು ಪರೀಕ್ಷಿಸುವುದು ಹೇಗೆ? ಮರೆತುಹೋದ ಆ ಹೆಸರುಗಳನ್ನು ಹುಡುಕಲು ಸಾಧ್ಯವೆ? ವಂಶಶೋಧನೆಯೂ ಒಂದು ವಿಜ್ಞಾನವೇ ಸರಿ. ಅದರಲ್ಲಿಯೂ ಊಹೆಯುಂಟು, ಆಧಾರವುಂಟು, ಪರೀಕ್ಷೆಯುಂಟು. ಅದರ ಕ್ರಮವನ್ನು ಇಲ್ಲಿ ನೋಡೋಣ.

ಮೊದಲು ಸ್ವಲ್ಪ ಲೆಕ್ಕ

ಒಂದು ತಲೆಮಾರಿಗೆ ಸುಮಾರು 25ರಿಂದ 30 ವರ್ಷಗಳೆಂದು ಇಟ್ಟುಕೊಂಡರೆ, ದೇವನಹಳ್ಳಿಯ ಕೋಟೆ ಇಂಗ್ಲಿಷರ ವಶವಾದ 1791ನೆಯ ಇಸವಿ ನಮಗಿಂತ ಸುಮಾರು ಎಂಟು ತಲೆಮಾರು ಹಿಂದಿನದು. ನಮಗೆ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು ಮಂದಿ. ಹೀಗೆ ಇಮ್ಮಡಿಯಾಗುತ್ತ ಹೋದರೆ ಎಂಟನೆಯ ತಲೆಮಾರಿನಲ್ಲಿ 256 ಸ್ಥಾನಗಳಾಗುತ್ತವೆ. ನಂಟಿನೊಳಗೆ ಮದುವೆಗಳಾಗುವ ನಮ್ಮಲ್ಲಿ ಒಬ್ಬನೇ ವ್ಯಕ್ತಿ ಹಲವು ಸ್ಥಾನಗಳಲ್ಲಿ ಬರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆಯಾದೀತು. ಆದರೂ ಕತ್ತಿ ಹಿಡಿದ ಆ ಒಬ್ಬನು ಇವರೆಲ್ಲರ ನಡುವೆ ಒಬ್ಬನೇ. ಉಳಿದವರು ಯಾರು? ಉತ್ತವರೆಷ್ಟು, ನೇಯ್ದವರೆಷ್ಟು, ದುಡಿಸಿಕೊಂಡವರೆಷ್ಟು, ದುಡಿದು ಸವೆದವರೆಷ್ಟು? ಮನೆತನದ ಕಥೆ ಒಬ್ಬನನ್ನು ಆರಿಸಿಕೊಂಡು ಉಳಿದವರನ್ನು ಬಿಡುತ್ತದೆ. ಶೋಧಕನು ಹಾಗೆ ಬಿಡುವಂತಿಲ್ಲ.

ದೂರದೇಶದ ಒಂದು ಉದಾಹರಣೆ

ಈ ಬಗೆಯ ಶೋಧನೆಗೆ ಹೇರಳವಾಗಿ ದಾಖಲೆ ದೊರೆಯುವ ದೇಶಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಒಂದು. ಆ ದೇಶಕ್ಕೂ ನಮ್ಮ ದೇವನಹಳ್ಳಿಗೂ ನಡುವೆ ಒಂದು ವಿಚಿತ್ರ ಕೊಂಡಿಯಿದೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಸೋತು ಶರಣಾದ ಇಂಗ್ಲಿಷ್ ಸೇನೆಯ ನಾಯಕ ಕಾರ್ನ್‌ವಾಲಿಸನೇ ಹತ್ತು ವರ್ಷಗಳ ತರುವಾಯ ಟೀಪೂ ಸುಲ್ತಾನನ ಮೇಲೆ ದಂಡೆತ್ತಿ ಬಂದು, 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದನು. ಟೀಪುವಿನ ಜನ್ಮಸ್ಥಳವಾದ ದೇವನಹಳ್ಳಿಯೂ ಆ ವರ್ಷವೇ ಅವನ ಕೈಸೇರಿತು.

ಯಾರ್ಕ್‌ಟೌನಿನಲ್ಲಿ ಗೆದ್ದ ವಾಷಿಂಗ್ಟನ್ನನ ಕಾಗದಪತ್ರಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವನಿಗೆ ಮಕ್ಕಳಿರಲಿಲ್ಲ, ಆದರೆ ಉಯಿಲು ಅಥವಾ ಮರಣಶಾಸನವು ಏನನ್ನು ಹೇಳಬಲ್ಲದೆಂಬುದಕ್ಕೆ ಅವನ ಮನೆತನದ ಎರಡು ಉಯಿಲುಗಳು ಚೆನ್ನಾದ ನಿದರ್ಶನ. 1743ರಲ್ಲಿ ತಂದೆ ತೀರಿಕೊಂಡಾಗ ಹನ್ನೊಂದು ವರ್ಷದ ಬಾಲಕ ವಾಷಿಂಗ್ಟನ್ನನಿಗೆ ತಂದೆಯ ಉಯಿಲಿನ ಮೂಲಕ ಜಮೀನಿನೊಡನೆ ಹತ್ತು ಮಂದಿ ಗುಲಾಮರು ಆಸ್ತಿಯಾಗಿ ಬಂದರು. 1799ರ ಜುಲೈ ತಿಂಗಳಲ್ಲಿ ಅವನು ತನ್ನ ಉಯಿಲನ್ನು ಬರೆದಾಗ ಮೌಂಟ್ ವರ್ನನ್ ಜಮೀನುಗಳಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ 123 ಮಂದಿ ಮಾತ್ರ ಅವನ ಸ್ವಂತಕ್ಕೆ ಸೇರಿದವರು. 153 ಮಂದಿ ಅವನ ಪತ್ನಿಯ ಮೊದಲ ಗಂಡನ ಆಸ್ತಿಯಿಂದ ಬಂದವರಾದ್ದರಿಂದ ಅವರನ್ನು ಬಿಡುಗಡೆ ಮಾಡುವ ಹಕ್ಕು ಅವನಿಗಿರಲಿಲ್ಲ. ತನ್ನವರು ಪತ್ನಿಯ ಕಾಲಾನಂತರ ಸ್ವತಂತ್ರರಾಗಬೇಕೆಂದು ಅವನು ಬರೆದನು. ಅವರನ್ನು ಪತ್ನಿಯೇ 1801ರ ಜನವರಿ 1ರಂದು ಬಿಡುಗಡೆ ಮಾಡಿದಳು. ಆದರೆ ಈ ಎರಡು ಗುಂಪುಗಳವರ ನಡುವೆ ಮದುವೆಗಳಾಗಿದ್ದುವು. ಗಂಡನು ಸ್ವತಂತ್ರನಾಗಿ ಹೆಂಡತಿ ಮಕ್ಕಳು ಗುಲಾಮರಾಗಿಯೇ ಉಳಿದ ಸಂಸಾರಗಳಿದ್ದುವೆಂಬುದು ಆ ವರ್ಷ ಅವನೇ ಬರೆದಿಟ್ಟ ಹೆಸರುಪಟ್ಟಿಯಿಂದ ಗೊತ್ತಾಗುತ್ತದೆ.

ಒಬ್ಬನಿಗೆ ಮಾತ್ರ ಒಡನೆಯೇ ಬಿಡುಗಡೆ ದೊರೆಯಿತು. ವಿಲಿಯಂ ಲೀ ಎಂಬ ಅವನು ಯುದ್ಧದುದ್ದಕ್ಕೂ ವಾಷಿಂಗ್ಟನ್ನನ ಜೊತೆಯಲ್ಲಿದ್ದ ಸೇವಕ. ಯುದ್ಧಕಾಲದ ಸೇವೆಯನ್ನು ನೆನೆದು ಅವನಿಗೆ ವರ್ಷಕ್ಕೆ 30 ಡಾಲರುಗಳ ಜೀವನಾಂಶವನ್ನೂ ಉಯಿಲಿನಲ್ಲಿ ಗೊತ್ತುಮಾಡಲಾಗಿತ್ತು. ಸೇನಾಪತಿಯ ಹೆಸರು ಎಲ್ಲ ಚರಿತ್ರೆಗಳಲ್ಲಿಯೂ ಇದೆ. ಅವನ ಬೆನ್ನಹಿಂದೆ ಕುದುರೆಯೇರಿ ನಡೆದವನ ಸೇವೆಗೆ ಸಾಕ್ಷಿ ಹೇಳುವುದು ಒಡೆಯನ ಆಸ್ತಿಪತ್ರ! ಒಂದೇ ಕಾಗದವನ್ನು ಎರಡು ಸಾರಿ ಓದಬೇಕೆಂಬ ಪಾಠ ಇಲ್ಲಿದೆ. ಮೊದಲು ಬರೆಸಿದವನಿಗಾಗಿ, ಆಮೇಲೆ ಅದರಲ್ಲಿ ಸರಕಿನಂತೆ ಎಣಿಕೆಯಾದವರಿಗಾಗಿ.

ಸಾಮಾನ್ಯ ಸೈನಿಕರ ವಿಷಯದಲ್ಲಿಯೂ ಹೀಗೆಯೇ. 1832ರ ಪಿಂಚಣಿ ಕಾಯಿದೆಯಂತೆ ಮುದಿ ಸೈನಿಕರು ತಾವು ಎಲ್ಲಿ, ಯಾರ ಕೈಕೆಳಗೆ, ಎಷ್ಟು ಕಾಲ ಹೋರಾಡಿದೆವೆಂಬುದನ್ನು ಪ್ರಮಾಣಮಾಡಿ ಹೇಳಬೇಕಾಗಿತ್ತು. ಅದಕ್ಕೂ ಮುಂಚಿನ 1820ರ ಕಾಯಿದೆ ಆಸ್ತಿಯ ಪಟ್ಟಿಯನ್ನೂ ಕೇಳಿತ್ತು. ಆದ್ದರಿಂದ ಸೈನಿಕನ ಸಂತತಿಯವರಿಗೆ ಜಾಡು ಸುಲಭ. ಗುಲಾಮರ ಸಂತತಿಯವರಿಗೋ, 1850 ಮತ್ತು 1860ರ ಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ ಸಿಗುತ್ತವೆ. 1860ರಲ್ಲಿ ಸುಮಾರು 40 ಲಕ್ಷದಷ್ಟಿದ್ದ ಆ ಜನರ ಹೆಸರುಗಳು ಎಲ್ಲರವೆಂಬಂತೆ ಗಣತಿಯಲ್ಲಿ ಬಂದುದು ಗುಲಾಮಗಿರಿ ರದ್ದಾದ ಮೇಲೆ, 1870ರಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ ಅವರ ವಂಶಜರು ಒಡೆಯನ ಉಯಿಲುಗಳನ್ನೇ ಹುಡುಕಬೇಕು.

ನಮ್ಮಲ್ಲಿ ಉಯಿಲು ಏಕೆ ವಿರಳ?

ಈಗ ನಮ್ಮ ನಾಡಿಗೆ ಬರೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಇನ್ನೂರು ವರ್ಷದ ಹಿಂದಿನ ಉಯಿಲನ್ನು ಹುಡುಕಹೊರಟವನಿಗೆ ನಿರಾಶೆಯಾಗುವುದೇ ಹೆಚ್ಚು. ಇದಕ್ಕೆ ಕಾರಣ ನಮ್ಮ ದಾಯಭಾಗದ ಕ್ರಮ. ಸುಮಾರು 900 ವರ್ಷಗಳ ಹಿಂದೆ ಚಾಳುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಿರುವಾಗ ತಂದೆಯು ಅದನ್ನು ಉಯಿಲಿನಿಂದ ಹಂಚುವ ಪ್ರಶ್ನೆಯೇ ಏಳದು. ಅಂತಹ ಆಸ್ತಿಯಲ್ಲಿ ತನ್ನ ಪಾಲನ್ನು ಉಯಿಲು ಬರೆದುಕೊಡಲು ಅವಕಾಶವಾದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಆದ್ದರಿಂದ ನಾವು ಹುಡುಕಬೇಕಾದುದು ಉಯಿಲಿಗಿಂತ ಹೆಚ್ಚಾಗಿ ಪಾಲುಪಟ್ಟಿಗಳನ್ನು, ಪಾರಿಖತ್ತುಗಳನ್ನು, ಕ್ರಯಪತ್ರ, ಭೋಗ್ಯಪತ್ರಗಳನ್ನು. ಇವುಗಳಲ್ಲಿ ಅಣ್ಣತಮ್ಮಂದಿರ ಹೆಸರು, ತಂದೆಯ ಹೆಸರು, ಹೊಲದ ಚಕ್ಕುಬಂದಿ ಎಲ್ಲವೂ ಇರುತ್ತವೆ. ಹಳೆಯ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದು ಕಷ್ಟ. ಅವರಿಗೆ ಮಕ್ಕಳಾಗಿ ಸಮಪಾಲಿನ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದ ಬಂದಿತು.

ಗುಲಾಮಗಿರಿಯು ನಮ್ಮಲ್ಲಿರಲಿಲ್ಲವೆಂದು ಯಾರಾದರೂ ಹೇಳಿದರೆ ಮಿತಾಕ್ಷರೆಯೇ ಅದನ್ನು ಅಲ್ಲಗಳೆಯುತ್ತದೆ. ನಾರದಸ್ಮೃತಿಯನ್ನು ಅನುಸರಿಸಿ ಅದು ಹದಿನೈದು ಬಗೆಯ ದಾಸರನ್ನು ಹೆಸರಿಸುತ್ತದೆ: ಮನೆಯಲ್ಲಿಯೇ ಹುಟ್ಟಿದವನು, ಕೊಂಡವನು, ದಾನವಾಗಿ ಬಂದವನು, ಪಾಲಿನಲ್ಲಿ ಬಂದವನು, ಬರಗಾಲದಲ್ಲಿ ಅನ್ನವಿಟ್ಟು ಉಳಿಸಿಕೊಂಡವನು, ಸಾಲದಿಂದ ಬಿಡಿಸಿಕೊಂಡವನು, ಯುದ್ಧದಲ್ಲಿ ಸೆರೆಸಿಕ್ಕವನು ಮೊದಲಾಗಿ. ‘ಪಾಲಿನಲ್ಲಿ ಬಂದವನು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಹನ್ನೊಂದು ವರ್ಷದ ವಾಷಿಂಗ್ಟನ್ನನಿಗೆ ಬಂದ ಹತ್ತು ಮಂದಿಯೂ ಈ ಬಗೆಯವರೇ ಅಲ್ಲವೆ?

ಕಲ್ಲಿನ ಮೇಲಿನ ಸೇನಾದಾಖಲೆ

ನಮ್ಮ ಹಳ್ಳಿಗಳ ಹಳೆಯ ಸೇನಾದಾಖಲೆಯೆಂದರೆ ಊರ ಹೊರಗೆ ನಿಂತಿರುವ ವೀರಗಲ್ಲು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಸ್ವರ್ಗಕ್ಕೆ ಒಯ್ಯುವ ದೇವಕನ್ಯೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರನಿರುತ್ತಾನೆ. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದವರು, ಒಡೆಯನ ಪರವಾಗಿ ಕಾದಿ ಸತ್ತವರು ಇಂತಹ ಕಲ್ಲುಗಳಲ್ಲಿ ಬದುಕಿದ್ದಾರೆ. ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಪ್ರಸಿದ್ಧ ಶಾಸನವೊಂದು ನಾಗತ್ತರನೆಂಬ ಅಧಿಕಾರಿಯ ಮನೆಗೆ ಸೇರಿದವರು ‘ಬೆಂಗಳೂರಿನ ಕಾಳಗ’ದಲ್ಲಿ ಮಡಿದುದನ್ನು ಹೇಳುತ್ತದೆ.

ಬಿ. ಎಲ್. ರೈಸ್ ಅವರು ಸಂಪಾದಿಸಿ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ ಅಚ್ಚಾಗಿವೆ. ನಮ್ಮ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಿ ನೋಡಬಹುದು. ಆದರೆ ಕಲ್ಲಿನ ಮೇಲೆ ತಮ್ಮ ಅಜ್ಜನ ಹೆಸರನ್ನು ಕಂಡಮಾತ್ರಕ್ಕೆ ಅವನೇ ಮೂಲಪುರುಷನೆಂದು ಹಿಗ್ಗಬಾರದು. ಒಂದೇ ಹೆಸರು ಊರಿಗೆ ಹತ್ತು ಮಂದಿಗಿರುತ್ತದೆ. ನಡುವಣ ತಲೆಮಾರುಗಳ ಕೊಂಡಿ ಸಿಗದಿದ್ದರೆ ಅದು ನಮ್ಮ ಊರಿನ ಚರಿತ್ರೆ, ನಮ್ಮ ವಂಶದ ಚರಿತ್ರೆಯಲ್ಲ.

ಇಲ್ಲಿ ಒಂದು ಪದದ ಕಥೆಯನ್ನು ಹೇಳಬೇಕು. ‘ಜೀತ’ವೆಂಬುದು ‘ಜೀವಿತ’ದಿಂದ ಬಂದುದು. ಹಳಗನ್ನಡದಲ್ಲಿ ಅದಕ್ಕೆ ಸಂಬಳ, ಬದುಕಿನ ಆಧಾರವೆಂಬ ಅರ್ಥವಿದ್ದಿತು. ಒಡೆಯನ ಜೋಳವನ್ನುಂಡ ಋಣಕ್ಕಾಗಿ ಪ್ರಾಣಕೊಡುವುದನ್ನು ‘ಜೋಳವಾಳಿ’ ಎನ್ನುತ್ತಿದ್ದರು. ಒಡೆಯನೊಡನೆ ಸಾಯುವ ಪ್ರತಿಜ್ಞೆ ಮಾಡಿದ ‘ಲೆಂಕ’ರೂ ಇದ್ದರು. ಆದಕಾರಣ ವೀರಗಲ್ಲಿನ ವೀರನು ಒಡೆಯನೇ ಆಗಿರಬೇಕೆಂದಿಲ್ಲ, ಋಣಕ್ಕೆ ಕಟ್ಟುಬಿದ್ದ ಆಳೂ ಆಗಿರಬಹುದು. ಮುಂದೆ ಅದೇ ‘ಜೀತ’ವೆಂಬ ಪದ ಸಾಲಕ್ಕೆ ಒತ್ತೆಯಾಗಿ ದುಡಿಯುವವನ ಹಣೆಬರಹಕ್ಕೆ ಹೆಸರಾಯಿತು.

ಬರೆಯದವರ ಹೆಸರು ಎಲ್ಲಿದೆ?

1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಮುಂದೆ ಮಲಬಾರಿಗೆ ಹೋದ ಫ್ರಾನ್ಸಿಸ್ ಬುಕಾನನ್ನನು, ಅಲ್ಲಿ ಹೊಲಗೆಲಸದ ಗುಲಾಮರನ್ನು ಮಾರುವುದನ್ನೂ ಅಡವಿಡುವುದನ್ನೂ ಗುತ್ತಿಗೆಗೆ ಕೊಡುವುದನ್ನೂ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ನಮ್ಮ ಬಯಲುಸೀಮೆಯ ಜೀತವು ಅದಕ್ಕಿಂತ ಬೇರೆ ಬಗೆಯದು. ಜೀತದಾಳನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ. ಸಾಲವೇ ಅವನ ಸರಪಳಿ. ಮದುವೆಗೋ ಕಾಯಿಲೆಗೋ ತೆಗೆದ ಅಲ್ಪ ಹಣ ಬಡ್ಡಿಯಿಂದ ಬೆಳೆದು, ತಂದೆಯ ತರುವಾಯ ಮಗನೂ ಅದೇ ಕೊಟ್ಟಿಗೆಯಲ್ಲಿ ದುಡಿಯಬೇಕಾಗುತ್ತಿತ್ತು. ಗುಲಾಮಗಿರಿಯ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದು ಕಂಪನಿಯ ಸರ್ಕಾರವು 1843ರಲ್ಲಿ ಕಾಯಿದೆ ಮಾಡಿತು. 1860ರ ದಂಡಸಂಹಿತೆಯು ಗುಲಾಮರ ವ್ಯಾಪಾರವನ್ನು ಅಪರಾಧವೆಂದು ಸಾರಿತು. ಸಾಲದ ಜೀತವು ದೇಶದಾದ್ಯಂತ ಕಾಯಿದೆಯಿಂದ ರದ್ದಾದುದು ಮಾತ್ರ 1976ರಲ್ಲಿ. ಈ ಕಥೆ ನಮ್ಮ ತಾತಂದಿರ ಕಾಲದವರೆಗೂ ಬಂದಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ಇಂತಹವರ ವಂಶಜರು ಎಲ್ಲಿ ಹುಡುಕಬೇಕು? ಅಮೆರಿಕಾದಲ್ಲಿ ಮಾಡುವಂತೆಯೇ, ಒಡೆಯರ ಕಾಗದಗಳಲ್ಲಿ ಮೊದಲು ನೋಡಬೇಕು. ಸಾಲದ ಪತ್ರ, ಲೆಕ್ಕದ ಪುಸ್ತಕ, ಹೆಬ್ಬೆಟ್ಟಿನ ಗುರುತು, ಯಾವುದನ್ನೂ ಬಿಡಬಾರದು. ಎರಡನೆಯದು ಗ್ರಾಮಸೇವೆಯ ದಾಖಲೆ. ತೋಟಿ, ತಳವಾರ, ನೀರುಗಂಟಿ ಮೊದಲಾದವರಿಗೆ ಸೇವೆಗಾಗಿ ಇನಾಮು ಜಮೀನಿದ್ದಿತು. ಈ ವಂಶಪಾರಂಪರ್ಯದ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆಯಂತೆ ಜಮೀನನ್ನು ಹುದ್ದೆಯವರಿಗೇ ಮರುಮಂಜೂರು ಮಾಡುವಾಗ, ಯಾರ ತಂದೆ ಯಾರು, ಯಾರ ಪಾಲು ಎಷ್ಟು ಎಂಬ ವಿಚಾರಣೆ ನಡೆಯಬೇಕಾಗಿತ್ತು. ಆ ಕಡತಗಳಲ್ಲಿ ಬಡವರ ವಂಶಾವಳಿ ಅಡಗಿರುವುದುಂಟು. ಮೂರನೆಯದು ಸಾಗುವಳಿ ಚೀಟಿ, ಪಹಣಿ ಮತ್ತು ಜೀತವಿಮುಕ್ತಿಯ ಪ್ರಮಾಣಪತ್ರ.

ಇದು ಬರಿಯ ಕುತೂಹಲದ ವಿಷಯವಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ನಿಯಮಕ್ಕೆ ವಿರುದ್ಧವಾಗಿ ಕೈಬದಲಾಗಿದ್ದರೆ ಅದನ್ನು ಮರಳಿಸಲು 1978ರ ಕರ್ನಾಟಕದ ಕಾಯಿದೆ ಅವಕಾಶ ಕೊಡುತ್ತದೆ. ಅಂತಹ ಅರ್ಜಿಗೆ ಕಾಲಮಿತಿ ಅಡ್ಡಬಾರದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಹಕ್ಕು ಕೇಳುವವನು ತಾನು ಮೂಲ ಮಂಜೂರುದಾರನ ವಂಶದವನೆಂದು ತೋರಿಸಬೇಕು. ಬೆಂಗಳೂರಿನ ಸುತ್ತಣ ಭೂಮಿಯ ಬೆಲೆ ಏರಿರುವ ಈ ಕಾಲದಲ್ಲಿ ಅಜ್ಜನ ಹೆಸರಿನ ಒಂದು ಹಳೆಯ ಚೀಟಿ ಸಂಸಾರವೊಂದರ ಅದೃಷ್ಟವನ್ನೇ ಬದಲಿಸಬಲ್ಲದು.

ಶೋಧಕನಿಗೆ ನಾಲ್ಕು ಮಾತು

ಮೊದಲನೆಯದು, ತಿಳಿದಿರುವುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ನಮ್ಮಿಂದ ತಂದೆಗೆ, ತಂದೆಯಿಂದ ಅಜ್ಜನಿಗೆ. ಮೂಲಪುರುಷನಿಂದ ಕೆಳಗಿಳಿಯಹೊರಟರೆ ಕಟ್ಟುಕಥೆಯಾಗುತ್ತದೆ. ಎರಡನೆಯದು, ಒಂದೊಂದು ಕೊಂಡಿಗೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷ್ಯಗಳಾದರೂ ಇರಲಿ. ಒಬ್ಬನ ಮಾತನ್ನು ಇನ್ನೊಬ್ಬನು ನಕಲು ಮಾಡಿದ್ದರೆ ಅದು ಒಂದೇ ಸಾಕ್ಷ್ಯ. ಮೂರನೆಯದು, ಕಾಗದವನ್ನು ಯಾರು, ಯಾವಾಗ, ಏತಕ್ಕಾಗಿ ಬರೆಸಿದರೆಂದು ಕೇಳಬೇಕು. ನಾಲ್ಕನೆಯದು, ಅದರಲ್ಲಿ ಯಾರ ಹೆಸರಿಲ್ಲವೆಂಬುದನ್ನೂ ಗುರುತುಹಾಕಬೇಕು.

ಹೀಗೆ ಹುಡುಕುತ್ತ ಹೋದಾಗ ತನ್ನ ಪೂರ್ವಜನು ವೀರನೆಂದು ಒಬ್ಬನಿಗೆ ತಿಳಿಯಬಹುದು. ಅವನೇ ಹತ್ತಾರು ಮಂದಿಯನ್ನು ಜೀತಕ್ಕಿಟ್ಟುಕೊಂಡಿದ್ದನೆಂದೂ ತಿಳಿಯಬಹುದು. ಹಿಂದಿನವರ ವೀರ್ಯ ನಾವು ಗಳಿಸಿದ್ದಲ್ಲ, ಅವರ ತಪ್ಪು ನಾವು ಮಾಡಿದ್ದಲ್ಲ. ಆದರೆ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಆ ತಪ್ಪು ನಮ್ಮದೇ. ಈ ರಜೆಯಲ್ಲಿ ವಿದ್ಯಾರ್ಥಿಗಳು ಮನೆಯ ಹಿರಿಯರ ಬಳಿ ಕುಳಿತು ವಂಶವೃಕ್ಷವನ್ನು ಬರೆಯಲಿ. ಕತ್ತಿ ಹಿಡಿದವನ ಹೆಸರನ್ನು ಬರೆದುಕೊಂಡ ಮೇಲೆ ಪುಸ್ತಕವನ್ನು ಮುಚ್ಚದೆ, “ಆ ಇಪ್ಪತ್ತು ಆಳುಗಳ ಹೆಸರೇನು?” ಎಂದು ಇನ್ನೊಂದು ಪ್ರಶ್ನೆ ಕೇಳಲಿ. ಒಬ್ಬನ ಹೆಸರು ದೊರೆತರೂ ಅದು ಒಳ್ಳೆಯ ಶೋಧನೆಯೇ.