ಪಾತ್ರ ಮತ್ತು ಸಂಘರ್ಷ: ಹಾಸನ ಸೀಮೆಯ ರಂಗಸ್ಥಳದಿಂದ ಬೆಳ್ಳಿತೆರೆಯವರೆಗೆ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಇರುಳ ಹೊತ್ತು ಹಾರ್ಮೋನಿಯಂ ನಾದ ಕೇಳಿಬರುವುದು ಹಲವು ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಹಗಲೆಲ್ಲ ಹೊಲದಲ್ಲಿ ದುಡಿದ ರೈತನು ರಾತ್ರಿ ನಾಟಕದ ಮೇಷ್ಟರ ಮುಂದೆ ಕುಳಿತು ಕಂದಪದ್ಯವನ್ನು ಶ್ರುತಿಗೆ ಕೂಡಿಸಲು ಹೆಣಗುತ್ತಾನೆ. ತಾನು ಧರಿಸುವ ಪಾತ್ರಕ್ಕೆ ತಾನೇ ಹಣ ತೆರುತ್ತಾನೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸೈಂಧವನಿಗೆ ಕಡಿಮೆ. ಆಡುವವನೇ ಹಣ ಕೊಟ್ಟು ಆಡುವ ಇಂಥ ರಂಗಭೂಮಿ ಲೋಕದಲ್ಲಿ ಎಷ್ಟು ಕಡೆ ಇದ್ದೀತು! ಈ ಹಳ್ಳಿಗಳಲ್ಲಿ ಅತಿ ಹೆಚ್ಚು ಸಲ ರಂಗವೇರಿರುವ ನಾಟಕಗಳಲ್ಲಿ ‘ಕುರುಕ್ಷೇತ್ರ’ ಒಂದು. ಗುಬ್ಬಿ ವೀರಣ್ಣನವರ ಕಂಪನಿಯು 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ದ ವೈಭವವು ಹಳ್ಳಿಗೆ ಎಟುಕುವಂಥದಲ್ಲ, ಆದರೆ ಕಥೆಯ ಬಿಗಿ ಎಟುಕಿತು. ಹಾಸನದ ಹಾಸನಾಂಬ ಕಲಾಕ್ಷೇತ್ರದ ರಂಗದ ಮೇಲೂ ಊರ ಮಾರಮ್ಮನ ಗುಡಿಯ ಮುಂದಣ ಚಪ್ಪರದಲ್ಲೂ ಅದೇ ಸಂಧಾನ, ಅದೇ ಸಮರ.

ಇಷ್ಟು ಪರಿಚಿತವಾದ ನಾಟಕದ ಪಾತ್ರಗಳನ್ನು ಕುರಿತು ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಬಗೆಯದು: ದುರ್ಯೋಧನನು ದುಷ್ಟನು, ಧರ್ಮರಾಯನು ಶಾಂತನು, ಕರ್ಣನು ದಾನಶೂರನು. ಇದು ಗುಣಗಳ ಪಟ್ಟಿಯೇ ಹೊರತು ಪಾತ್ರವಿಮರ್ಶೆಯಲ್ಲ. ಸಂತೆಯಲ್ಲಿ ಎತ್ತಿನ ಸುಳಿ ನೋಡುವವನೂ ಇದಕ್ಕಿಂತ ಹೆಚ್ಚು ವಿವೇಚನೆ ಮಾಡುತ್ತಾನೆ. ಇಂಥ ಉತ್ತರಕ್ಕೆ ಅಂಕ ಕೊಡುವ ಪದ್ಧತಿಯಿಂದ ಆಗುವ ಹಾನಿ ಪರೀಕ್ಷೆಯೊಂದಕ್ಕೇ ಸೀಮಿತವಲ್ಲ. ಮನುಷ್ಯನಿಗೆ ಒಂದು ಹೆಸರು ಕಟ್ಟಿ ಬದಿಗಿಡುವ ಅಭ್ಯಾಸವು ತರಗತಿಯಲ್ಲಿ ಬೆಳೆದರೆ ಮುಂದೆ ಊರಿನಲ್ಲಿಯೂ ಅದೇ ನಡೆಯುತ್ತದೆ.

ಪಾತ್ರವು ತಿಳಿಯುವುದು ಅದರ ಗುಣದಿಂದಲ್ಲ, ಅದು ಮಾಡುವ ಆಯ್ಕೆಯಿಂದ. ಕಷ್ಟವಿಲ್ಲದ ಕಡೆ ಆಯ್ಕೆಯಿಲ್ಲ. ಆದುದರಿಂದ ಸಂಘರ್ಷವಿಲ್ಲದ ಕಡೆ ಪಾತ್ರವೂ ಇಲ್ಲ. ಇಲ್ಲಿ ಜಗಳಕ್ಕೂ ಸಂಘರ್ಷಕ್ಕೂ ಇರುವ ಭೇದವನ್ನು ಗಮನಿಸತಕ್ಕದ್ದು. ಇಬ್ಬರು ಗದೆ ಹಿಡಿದು ಕೂಗಾಡಿದರೆ ಅದು ಜಗಳ. ಒಬ್ಬನಿಗೆ ಬೇಕಾದ ಎರಡು ವಸ್ತುಗಳಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಕಳೆದುಕೊಳ್ಳಲೇಬೇಕಾದಾಗ ಹುಟ್ಟುವುದು ಸಂಘರ್ಷ. ಪಾತ್ರವು ಏನನ್ನು ಬಯಸುತ್ತದೆ, ಅದನ್ನು ಪಡೆಯಲು ಏನನ್ನು ತೆರಬೇಕಾಗಿದೆ ಎಂಬುದನ್ನು ಕೇಳಿಕೊಂಡು ನಾಟಕ ನೋಡುವವನಿಗೆ ಹಳೆಯ ಕಥೆಯೂ ಹೊಸದಾಗಿ ಕಾಣುವುದು.

ಕರ್ಣನನ್ನೇ ತೆಗೆದುಕೊಳ್ಳಬಹುದು. ಸಂಧಾನ ಮುರಿದ ಮೇಲೆ ಕೃಷ್ಣನು ಅವನಿಗೆ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಅನಂತರ ಕುಂತಿಯೇ ನದೀತೀರಕ್ಕೆ ಬರುತ್ತಾಳೆ. ಆ ಗಳಿಗೆಯವರೆಗೆ ಅವನು ಬಾಳಿನುದ್ದಕ್ಕೂ ಹಂಬಲಿಸಿದ್ದು ಕುಲವನ್ನು. ಈಗ ಕುಲ ತಾನಾಗಿ ಎದುರು ನಿಂತಿದೆ. ಆದರೆ ಅದರ ಬೆಲೆ ಅನ್ನವಿಟ್ಟ ಒಡೆಯನ ಸ್ನೇಹ. ಅರ್ಜುನನೊಬ್ಬನನ್ನುಳಿದು ಬೇರೆಯವರನ್ನು ಕೊಲ್ಲೆನೆಂದು ತಾಯಿಗೆ ಮಾತು ಕೊಡುವನು, ಪಕ್ಷವನ್ನು ಮಾತ್ರ ಬಿಡನು. ಎರಡು ಋಣಗಳನ್ನೂ ತೀರಿಸಲು ಹೊರಟವನು ತನ್ನ ಪ್ರಾಣವನ್ನಲ್ಲದೆ ಬೇರೆ ಯಾವುದರಿಂದ ತೀರಿಸಿಯಾನು? ‘ದಾನಶೂರ’ ಎಂಬ ಬಿರುದಿನಲ್ಲಿ ಈ ಇಕ್ಕಟ್ಟು ಅಡಗುವುದಿಲ್ಲ.

ಈ ಋಣದ ಭಾವನೆ ನಮ್ಮ ನಾಡಿಗೆ ಪುರಾಣದಿಂದ ಮಾತ್ರ ಬಂದುದಲ್ಲ. ಹಳೆಗನ್ನಡ ಕಾವ್ಯ ಶಾಸನಗಳಲ್ಲಿ ಬರುವ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳು ಉಂಡ ಅನ್ನಕ್ಕೆ, ಕೊಟ್ಟ ಭಾಷೆಗೆ ಪ್ರಾಣವನ್ನೊಪ್ಪಿಸುವ ಬಾಳಿಗೆ ಸಲ್ಲುವಂಥವು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವು, ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಮಡದಿ ಮತ್ತು ಅನುಚರರೊಡನೆ ಆತ್ಮಾರ್ಪಣೆ ಮಾಡಿಕೊಂಡ ದಂಡನಾಯಕ ಕುವರಲಕ್ಷ್ಮನ ಸ್ಮಾರಕ. ಅವನ ಮುಂದೆ ಆಯ್ಕೆಯಿತ್ತೇ ಎಂದು ಕೇಳಿದರೆ ಕಂಬವು ಉತ್ತರ ಹೇಳದು. ಶಾಸನಕ್ಕೆ ಬೇಕಾದುದು ನಿಷ್ಠೆ. ನಾಟಕಕಾರನಿಗಾದರೋ ಆ ನಿಷ್ಠೆಗೆ ಮುಂಚಿನ ಒಂದು ರಾತ್ರಿಯೇ ಮುಖ್ಯ.

ದುರ್ಯೋಧನನ ವಿಷಯದಲ್ಲಿ ಕನ್ನಡಕ್ಕೆ ಹತ್ತನೆಯ ಶತಮಾನದಿಂದಲೇ ಒಂದು ದೊಡ್ಡ ಪಾಠವಿದೆ. ರನ್ನನು ‘ಗದಾಯುದ್ಧ’ದಲ್ಲಿ ಅವನನ್ನು ಹೆಣಗಳ ನಡುವೆ ನಡೆಸುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರನ್ನೂ ಕಂಡು ಮರುಗುವ ಆ ಅರಸನು, ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಸಂಧಿಯಾಗೆಂದು ಶರಶಯ್ಯೆಯ ಭೀಷ್ಮನೇ ಹೇಳಿದರೂ ಒಪ್ಪನು. ಸತ್ತವರಿಗೆ ಮುಖ ತೋರಿಸುವ ಬಗೆ ಹೇಗೆಂಬುದು ಅವನ ಚಿಂತೆ. ಇಲ್ಲಿ ಛಲವೇ ಶೋಕದ ಇನ್ನೊಂದು ರೂಪವಾಗಿದೆ. ಹಳ್ಳಿಯ ರಂಗದಲ್ಲಿ ದುರ್ಯೋಧನನ ಪಾತ್ರಕ್ಕೆ ಹೆಚ್ಚು ಹಣ ತೆತ್ತು ಆಡಲು ಪೈಪೋಟಿ ನಡೆಯುವುದೇಕೆಂಬುದಕ್ಕೆ ಕಾರಣ ಇಲ್ಲಿಯೇ ಇದ್ದೀತು; ಕೇವಲ ಖಳನಿಗೆ ಯಾರೂ ಅಷ್ಟು ಹಣ ತೆರುವುದಿಲ್ಲ. ರನ್ನನ ಈ ಕಾವ್ಯವನ್ನೇ ನಾಟಕವಾಗಿಸಿದ ಬಿ.ಎಂ.ಶ್ರೀಕಂಠಯ್ಯನವರು 1929ರಲ್ಲಿ ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ಬರೆದರು. ಗ್ರೀಕರ ರುದ್ರನಾಟಕದ ಅಚ್ಚಿನಲ್ಲಿ ನಮ್ಮ ಮಹಾಭಾರತದ ವೀರರು ಸಲೀಸಾಗಿ ಕೂರುವುದನ್ನು ಅವರು ಕಂಡಿದ್ದರು.

ಹೊಳೆನರಸೀಪುರಕ್ಕೆ ಹೆಸರು ಕೊಟ್ಟ ನರಸಿಂಹನ ಕಥೆಯಲ್ಲಿಯೂ ಸಂಘರ್ಷದ ಬೇರು ಮನೆಯೊಳಗೇ ಇದೆ. ಹಿರಣ್ಯಕಶಿಪುವಿನ ಆರ್ಭಟವೊಂದನ್ನೇ ಆಡುವ ನಟನು ಅರ್ಧ ಪಾತ್ರವನ್ನು ಕಳೆದುಕೊಳ್ಳುತ್ತಾನೆ. ಅವನಿಗೆ ಪ್ರಹ್ಲಾದನ ಮೇಲೆ ಪ್ರೀತಿಯಿಲ್ಲದಿದ್ದರೆ ಮೊದಲ ದಿನವೇ ಕಥೆ ಮುಗಿಯುತ್ತಿತ್ತು. 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾಗಿಯೂ ಅವರ ಮಗ ಪುನೀತ್ ಪ್ರಹ್ಲಾದನಾಗಿಯೂ ನಟಿಸಿದರು. ತಂದೆಯ ಅಹಂಕಾರ ಮತ್ತು ತಂದೆಯ ವಾತ್ಸಲ್ಯ ಒಂದೇ ಕಂಠದಲ್ಲಿ ಹೋರಾಡುವುದನ್ನು ಅಲ್ಲಿ ಕೇಳಬಹುದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನು ಸಂಘರ್ಷವು ಮುಗಿದ ಮೇಲಿನ ಮೂರ್ತಿ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿ ಅಣ್ಣ ಭರತನನ್ನು ಗೆದ್ದ ಬಾಹುಬಲಿಯು ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ತೊರೆಯುತ್ತಾನೆ. ಸೋಲಿನಿಂದ ವೈರಾಗ್ಯ ಬರುವುದು ಸಹಜ. ಗೆಲುವಿನಿಂದ ಬಂದುದು ನಾಟಕೀಯ.

ಚಲನಚಿತ್ರಕ್ಕೆ ಬಂದರೆ ಈ ಸೀಮೆಯ ಲೇಖಕರ ಪಾಲು ದೊಡ್ಡದು. ಹೆಸರಿನಲ್ಲಿಯೇ ಅರಕಲಗೂಡನ್ನು ಹೊತ್ತ ಅ.ನ.ಕೃಷ್ಣರಾಯರ ‘ಸಂಧ್ಯಾರಾಗ’ 1966ರಲ್ಲಿ ಚಿತ್ರವಾಯಿತು. ಅರಕಲಗೂಡು ತಾಲ್ಲೂಕಿನ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರ (1904–1991) ಕಥೆಯಿಂದ ಸಿದ್ಧಲಿಂಗಯ್ಯನವರು 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಕೊಟ್ಟರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್.ಭೈರಪ್ಪನವರ ‘ವಂಶವೃಕ್ಷ’ವನ್ನು ಬಿ.ವಿ.ಕಾರಂತ ಮತ್ತು ಗಿರೀಶ ಕಾರ್ನಾಡರು ಚಿತ್ರವಾಗಿಸಿ 1971ನೆಯ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. ಇವುಗಳಲ್ಲಿ ಕೊನೆಯ ಎರಡನ್ನು ಜೊತೆಯಲ್ಲಿಟ್ಟು ನೋಡುವುದು ಉಪಯುಕ್ತ.

ಭೂತಯ್ಯನು ಸಾಲ ಕೊಟ್ಟು ಜಮೀನು ನುಂಗುವ ಸಾಹುಕಾರ. ಅವನು ಸತ್ತಾಗ ಹೆಣ ಹೊರಲು ಊರಿನಲ್ಲಿ ಒಂದು ಹೆಗಲೂ ಸಿಗುವುದಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ‘ಆಂಟಿಗೊನೆ’ಯಲ್ಲಿ ಅರಸನು ಒಂದು ಹೆಣಕ್ಕೆ ಸಂಸ್ಕಾರವನ್ನು ನಿರಾಕರಿಸುತ್ತಾನೆ, ಇಲ್ಲಿ ಆಜ್ಞೆಯಿಲ್ಲದೆಯೇ ಇಡೀ ಊರು ನಿರಾಕರಿಸುತ್ತದೆ. ಆಂಟಿಗೊನೆಯದು ತಂಗಿಯ ಧರ್ಮ, ಅರಸನದು ರಾಜ್ಯದ ಧರ್ಮ. ಸರಿಗೂ ಸರಿಗೂ ನಡೆಯುವ ಘರ್ಷಣೆಯೇ ರುದ್ರನಾಟಕದ ಜೀವಾಳವೆಂದು ಜರ್ಮನಿಯ ತತ್ತ್ವಜ್ಞ ಹೆಗೆಲ್ ಅದನ್ನು ನಿದರ್ಶನವಾಗಿ ಎತ್ತಿಕೊಂಡನು. ಅಯ್ಯುವಿನ ಊರಿನಲ್ಲಿಯೂ ಅಷ್ಟೇ. ಸುಲಿಗೆಗೊಳಗಾದವರ ಕೋಪ ನ್ಯಾಯವಾದುದು. ತಂದೆಯ ಶವದ ಮುಂದೆ ಒಂಟಿಯಾಗಿ ನಿಂತ ಮಗನ ಅವಮಾನವೂ ಸುಳ್ಳಲ್ಲ. ಆ ಅವಮಾನವು ಅವನನ್ನು ತಂದೆಯ ದಾರಿಗೂ ಒಯ್ಯಬಹುದು, ಬೇರೆ ದಾರಿಗೂ ಒಯ್ಯಬಹುದು. ಮೊದಲು ಅವನು ಹಿಡಿಯುವುದು ತಂದೆಯ ದಾರಿಯನ್ನೇ. ಗುಳ್ಳನೊಡನೆ ಹಗೆ ಬೆಳೆದು ವ್ಯಾಜ್ಯ ಕೋರ್ಟಿನ ಮೆಟ್ಟಿಲೇರುತ್ತದೆ. ತಾಲ್ಲೂಕು ಕೇಂದ್ರದ ಕೋರ್ಟು ಕಟ್ಟಡದ ಜಗಲಿಯಲ್ಲಿ ವಾಯಿದೆಗಾಗಿ ಕಾದು ಕುಳಿತ ರೈತರನ್ನು ಕಂಡವರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಯ್ಯುವಾಗಿ ಲೋಕೇಶ್, ಗುಳ್ಳನಾಗಿ ವಿಷ್ಣುವರ್ಧನ್ ನಟಿಸಿದರು. ಲೋಕೇಶ್ ರಂಗನಟ ಸುಬ್ಬಯ್ಯನಾಯ್ಡು ಅವರ ಮಗ. ಆದರೂ ಕಂಪನಿ ನಾಟಕದ ಧ್ವನಿಯನ್ನು ಇಲ್ಲಿ ಬಳಸಲಿಲ್ಲ. ರಂಗದ ಮೇಲೆ ಒಳಗಿನ ತೊಳಲಾಟವು ಹಿಂದಿನ ಸಾಲಿಗೆ ಮುಟ್ಟಬೇಕಾದರೆ ಪದ್ಯವಾಗಬೇಕು, ಸ್ವಗತವಾಗಬೇಕು. ಕ್ಯಾಮರಾ ಹತ್ತಿರ ಬರುವುದರಿಂದ ನಟನು ಸುಮ್ಮನಿದ್ದರೂ ಸಾಕು. ಈ ಪಾತ್ರಕ್ಕಾಗಿ ಅವರಿಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ದೊರೆತುದು ಯೋಗ್ಯವಾಗಿದೆ.

ಗೊರೂರರು ಗಾಂಧಿಮಾರ್ಗದಲ್ಲಿ ನಡೆದವರು. ಮನುಷ್ಯ ಬದಲಾಗಬಲ್ಲನೆಂಬ ನಂಬಿಕೆ ಈ ಕಥೆಯ ಬೆನ್ನೆಲುಬು. ಗೋವಿನ ಹಾಡಿನ ಹುಲಿಯು ಪುಣ್ಯಕೋಟಿಯ ಮುಂದೆ ಬದಲಾದುದನ್ನು ಬಾಲ್ಯದಲ್ಲಿ ಕೇಳಿದ ನಾಡಿಗೆ ಇದು ಅಪರಿಚಿತವಲ್ಲ. ಆದರೆ ಹುಲಿಯ ಮನಸ್ಸು ಕರಗಿದುದು ಹಸುವಿನ ಸತ್ಯದಿಂದ, ಹೊರಗಿನ ಆಕಸ್ಮಿಕದಿಂದಲ್ಲ. ಚಿತ್ರದ ಕೊನೆಗೆ ಬರುವ ಪ್ರವಾಹವು ನೋಡಲು ಭವ್ಯವಾಗಿದ್ದರೂ ವೈರಿಗಳನ್ನು ಕೂಡಿಸುವ ಕೆಲಸದಲ್ಲಿ ನೀರಿಗೆ ಸ್ವಲ್ಪ ಹೆಚ್ಚೇ ಪಾಲು ಸಿಕ್ಕಿದೆಯೆಂದು ಹೇಳದೆ ವಿಧಿಯಿಲ್ಲ. ಹೆಗಲು ಸಿಗದ ಆ ಶವದ ದೃಶ್ಯಕ್ಕೆ ಇರುವ ಬಲ ಆ ಪ್ರವಾಹಕ್ಕಿಲ್ಲ.

‘ವಂಶವೃಕ್ಷ’ದಲ್ಲಿ ಪ್ರವಾಹ ಬರುವುದು ಮೊದಲೇ. ಕಪಿಲೆಯ ಹೊಳೆಯಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕೊಚ್ಚಿಹೋಗುತ್ತಾನೆ. ಅಲ್ಲಿಂದ ಮುಂದಿನದೆಲ್ಲ ಮನುಷ್ಯರ ಆಯ್ಕೆ. ಎಳೆಯ ಮಗುವಿನ ತಾಯಿಯಾದ ವಿಧವೆ ಕಾತ್ಯಾಯನಿ ಕಾಲೇಜು ಸೇರುತ್ತಾಳೆ, ರಾಜನನ್ನು ಪ್ರೀತಿಸಿ ಮರುಮದುವೆಯಾಗುತ್ತಾಳೆ, ಮಗನು ಅಜ್ಜನ ಮನೆಯಲ್ಲಿಯೇ ಉಳಿಯುತ್ತಾನೆ. ಶ್ರೋತ್ರಿಗಳು ಬೈಯುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಅವರು ಕ್ರೂರಿಯಾಗಿದ್ದರೆ ಅವಳ ದಾರಿ ಸುಲಭವಾಗುತ್ತಿತ್ತು. ಅವರ ಸೌಜನ್ಯವೇ ಅವಳ ಎದೆಯ ಭಾರ. ಎದುರಾಳಿಯೇ ಇಲ್ಲದ ಸಂಘರ್ಷವಿದು. ಕೊನೆಗೆ ತಮ್ಮ ಹುಟ್ಟಿನ ಗುಟ್ಟು ತಿಳಿದಾಗ, ಯಾವ ವಂಶಕ್ಕಾಗಿ ಬಾಳಿದರೋ ಆ ವಂಶದ ರಕ್ತ ತಮ್ಮಲ್ಲಿಲ್ಲವೆಂಬುದನ್ನು ಶ್ರೋತ್ರಿಗಳು ಎದುರಿಸಬೇಕಾಗುತ್ತದೆ. ಕರ್ಣನಿಗೆ ಕುಲ ದೊರೆತುದು ತಡವಾಗಿ. ಇವರಿಗೆ ಕುಲ ತಪ್ಪಿದುದು ತಡವಾಗಿ. ಕಾತ್ಯಾಯನಿಯ ಬಾಳನ್ನು ಗರ್ಭಪಾತ, ಕೊರಗು, ಮರಣಗಳ ಕಡೆಗೆ ನಡೆಸಿದ ಕಥೆಗಾರನು ತಕ್ಕಡಿಯ ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿದ್ದಾನೆಯೇ ಎಂಬ ಪ್ರಶ್ನೆ ಇಂದಿಗೂ ಓದುಗರಲ್ಲಿದೆ. ಮೇಲ್ತರಗತಿಯ ವಿದ್ಯಾರ್ಥಿಗಳು, ಅದರಲ್ಲಿಯೂ ವಿದ್ಯಾರ್ಥಿನಿಯರು, ಈ ಪ್ರಶ್ನೆಯನ್ನು ಎತ್ತಿದರೆ ಅಧ್ಯಾಪಕರು ಅದನ್ನು ಅವಿಧೇಯತೆಯೆಂದು ಭಾವಿಸಬಾರದು.

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಸಿದ್ಧಪಡಿಸುವಾಗ ಸಾಲುಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ ಪಾತ್ರಗಳನ್ನು ಅದಲುಬದಲು ಮಾಡಿ ಓದಿಸಿ ನೋಡಬಹುದು. ಭೀಮನಾಗಬೇಕಾದ ಹುಡುಗನು ಒಂದು ದಿನ ದುರ್ಯೋಧನನ ಮಾತನ್ನು ಆಡಲಿ. ಗುಳ್ಳನ ಪಕ್ಷ ಹಿಡಿದವನು ಅಯ್ಯುವಿನ ಪರವಾಗಿ ಐದು ನಿಮಿಷ ವಾದಿಸಲಿ. ಒಂದೇ ರಾತ್ರಿ ಒಬ್ಬ ಕೃಷ್ಣನ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಂಡು ಆಡುವುದು ಹಳ್ಳಿಯ ನಾಟಕಕಾರರಿಗೆ ಹೊಸದಲ್ಲ. ಸಂಧಾನದ ಕೃಷ್ಣನು ಪರದೆಯ ಹಿಂದೆ ಕಿರೀಟ ಕಳಚಿ ಕೊಡುತ್ತಾನೆ, ಸಾರಥಿ ಕೃಷ್ಣನು ಅದನ್ನು ತೊಟ್ಟು ಹೊರಬರುತ್ತಾನೆ. ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿಯುತ್ತಾರೆ, ಆಟ ಬೆಳಗಿನವರೆಗೆ ಸಾಗುತ್ತದೆ.